ತಲಾಖಿನ ನಡುವೆ ನಮಾಜು

ಹಯಾತ್ ಸಾಬರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಬಂಗಾರಪೇಟೆಗೆಲ್ಲ ಗೊತ್ತಿತ್ತು. ಮಸೀದಿಯ ಇಮಾಮರಿಗೆ ಇಷ್ಟು ಸಿಟ್ಟು ಸಲ್ಲದು ಎನ್ನುವವರೂ ಇದ್ದರು. ಆದರೆ ಐವತ್ತೆಂಟನೇ ಇಸವಿಯ ಆ ಶುಕ್ರವಾರ ಸಿಟ್ಟು ಬಾರದವನು ಮನುಷ್ಯನೇ ಅಲ್ಲ.

ಅವರ ಮಗಳು ಖುರ್ಷಿದಾಳಿಗೆ ಅಳಿಯ ಪ್ಯಾರೇಜಾನ್ ತಲಾಖ್ ಕೊಟ್ಟು, ಉಟ್ಟ ಸೀರೆಯಲ್ಲೇ ಮಾರಿಕುಪ್ಪಂನಲ್ಲಿ ತವರಿನ ರೈಲು ಹತ್ತಿಸಿದ್ದ. ಗಣಿಗೆ ಮರ ಸರಬರಾಜು ಮಾಡುವ ಕಂಟ್ರಾಕ್ಟರ್. ಐದು ಹೊತ್ತಿನಲ್ಲಿ ಒಂದನ್ನೂ ತಪ್ಪಿಸಿದವನಲ್ಲ. ಬಿಟ್ಟವಳ ಜೀವನಕ್ಕೆ ಏನಾದರೂ ಕೊಡು ಎಂದರೆ ಬಿಡಿಕಾಸೂ ಇಲ್ಲವೆಂದ. ಸಂಜೆ ಅವನನ್ನೂ ಕರೆಸಿ ಮಸೀದಿಯ ಜಗಲಿಯಲ್ಲಿ ಜಮಾತು ಸೇರಿತು.

"ಕುರಾನಲ್ಲೇ ಐತೆ, ಬಿಟ್ಟ ಎಂಡ್ತಿಗೆ ಮರ್ಯಾದೆಯಿಂದ ಜೀವನಕ್ಕೆ ಕೊಡ್ಬೇಕು ಅಂತ," ಎಂದರು ಸಾಬರು.

ಮಸೀದಿಯ ಆಡಳಿತ ನೋಡುವ ಮುತವಲ್ಲಿ ಅಮೀರ್‌ಜಾನ್ ನಕ್ಕ. "ಐತೆ, ಇಲ್ಲಾಂದೋರ್ಯಾರು? ಆದ್ರೆ ತಲಾಖಿನ ಮಾತು ಮುಗ್ದು, ನಡುವೆ ನಮಾಜಿನ ಮಾತು ಬತ್ತದೆ. ಇದು ಅದರಿಂದಾಚೆಗೆ ಎಲ್ಲೋ ಬಿದ್ದಿರೋ ತುಂಡು. ತಂದು ಇಲ್ಲಿ ಅಂಟಿಸ್ಬೇಡಿ. ಕೊಟ್ರೆ ಸವಾಬು, ಪುಣ್ಯ ಬತ್ತದೆ; ಕೊಡದಿದ್ರೆ ಕೇಳೋರಿಲ್ಲ."

"ತುಂಡಾ?" ಸಾಬರ ಗಡ್ಡ ಅದುರಿತು. "ಅಲ್ಲಾಹನ ಮಾತೇನು ನಿಮ್ಮಜ್ಜಿ ಒಲ್ದಿರೋ ಕೌದಿಯಾ, ಬೇಡದ ಚಿಂದಿ ಕಿತ್ತಾಕೋಕೆ? ನಮಾಜನ್ನ ಅಲ್ಲೇ ಯಾಕೆ ಮಡಗವ್ನೆ ಗೊತ್ತಾ? ಈ ಕಡೆ ಬಿಟ್ಟ ಎಣ್ಣು, ಆ ಕಡೆ ಬಿಟ್ಟ ಎಣ್ಣು, ನಡುವೆ ನಮಾಜು. ಅವಳ ಅಕ್ಕು ನುಂಗ್ದೋನು ನಮಾಜಿಗೆ ಯಾವ ಬಾಗಿಲಿಂದ ಓಗ್ತಾನೆ?"

"ಮಗಳ ಮೇಲಿನ ಆಸೆ ನಿಮ್ಮ ಬಾಯಲ್ಲಿ ಮಾತಾಡ್ತದೆ ಮಾಮೂ," ಎಂದ ಪ್ಯಾರೇಜಾನ್ ತಣ್ಣಗೆ.

ಜಮಾತು ಅವನತ್ತಲೇ ತಲೆಯಾಡಿಸಿತು. ಮಸೀದಿಯ ಸುಣ್ಣ, ಚಾಪೆ, ದೀಪದ ಎಣ್ಣೆ ಎಲ್ಲ ಅವನದೇ. ಉಂಡ ಮನೆಯ ಜಂತೆ ಎಣಿಸುವವರು ಯಾರು? ಸಾಬರಿಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಹೊತ್ತು ಮುಳುಗಿ ಬಾಂಗಿನ ಕೂಗು ಕೇಳಿತು. ಪ್ಯಾರೇಜಾನ್ ಇಲ್ಲಿಗೆ ಬಂದಾಗಲೆಲ್ಲ ನಿಲ್ಲುವಂತೆ ಮೊದಲ ಸಾಲಿನಲ್ಲಿ, ಸಾಬರ ಬೆನ್ನಿಗೇ ನಿಂತ. ಸಂಜೆಯ ನಮಾಜಿನಲ್ಲಿ ಇಮಾಮರು ಗಟ್ಟಿಯಾಗಿ ಓದಬೇಕು; ದಿನವೂ ಪುಟ್ಟದೊಂದು ಅಧ್ಯಾಯ ಓದಿ ಮುಗಿಸುತ್ತಿದ್ದರು. ಇಂದು ಕುರಾನಿನ ತಲಾಖಿನ ಆಯತ್, ಆ ವಾಕ್ಯದಿಂದಲೇ ಶುರುಮಾಡಿದರು. ಒಮ್ಮೆ ಕೈಕಟ್ಟಿ ನಿಂತ ಮೇಲೆ ನಮಾಜು ಮುಗಿಯುವ ತನಕ ಯಾರೂ ಕದಲುವಂತಿಲ್ಲ. ಅರಬ್ಬಿ ತಿಳಿಯದವರಿಗೂ ಅದು ಯಾವ ಮಾತೆಂದು ತಿಳಿಯಿತು, ಈಗಷ್ಟೇ ಅದಕ್ಕೇ ಜಗಳವಾಗಿತ್ತಲ್ಲ.

ಸಾಬರು ಒಂದೊಂದು ಮಾತನ್ನೂ ಅರೆದು ಅರೆದು ಓದಿದರು. ತಲಾಖಿನಿಂದ ನಮಾಜಿಗೆ, ನಮಾಜಿನಿಂದ ಮತ್ತೆ ಬಿಟ್ಟವಳ ಹಕ್ಕಿಗೆ, ಎಲ್ಲೂ ಕಡಿಯದೆ. ಮುದುಕರ ಮಂಡಿ ನೋಯತೊಡಗಿತು. ಪ್ಯಾರೇಜಾನನ ಉಸಿರು ಬಿರುಸಾಗುತ್ತಿದ್ದುದು ಸಾಬರಿಗೆ ಕೇಳಿಸುತ್ತಿತ್ತು. ಇನ್ನೂ ನಿಧಾನವಾಗಿ ಓದಿದರು.

ನಮಾಜು ಮುಗಿಸಿ ಸಲಾಂ ಹೇಳಿದ್ದೇ ತಡ, ಪ್ಯಾರೇಜಾನ್ ಕೊನೆಯ ದುವಾ ಪ್ರಾರ್ಥನೆಗೂ ಕೂರದೆ ಎದ್ದುಹೋದ. ಅಮೀರ್‌ಜಾನ್ ಹತ್ತಿರ ಬಂದ.

"ಇಮಾಂ ಸಾಬ್, ನಾಳೆಯಿಂದ ಬೇರೆಯೋರನ್ನ ನೋಡ್ಕೋತೀವಿ."

"ನೋಡ್ಕೊಳ್ಳಿ," ಎಂದರು ಹಯಾತ್ ಸಾಬರು, ಚಾಪೆಯಿಂದ ಏಳುತ್ತ. "ಯಾರನ್ನ ತಂದ್ರೂ ಅವ್ನೂ ಇದೇ ಕುರಾನನ್ನೇ ಓದ್ಬೇಕು, ಇದೇ ವರಸೇಲಿ."