ಅರಿಶಿನ ಹಚ್ಚಿದ ಪಿಕ್ಕರ್

ಕೊಯಮತ್ತೂರು ಬಳಿಯ ಸಿಂಗಾನಲ್ಲೂರಿನ ನಮ್ಮ ಬೀದಿಯ ದೇವಿಗೆ ವರ್ಷದ ಸೀರೆ ನೇಯುವುದು ನಮ್ಮ ಮನೆಯ ಹಕ್ಕು. ಆ ಮಗ್ಗಕ್ಕೆ ಹಸುವಿನ ಚರ್ಮ ತಾಕಬಾರದೆಂಬುದು ಕಟ್ಟುಪಾಡು. ಲಾಳಿಯನ್ನು ಹೊಡೆದೋಡಿಸುವ ಪಿಕ್ಕರ್ ಎಂಬ ಚರ್ಮದ ತುಂಡು ಎಮ್ಮೆಯದ್ದೇ ಆಗಿರಬೇಕು. ಎಂಬತ್ತಮೂರನೇ ಇಸವಿಯಲ್ಲಿ ಸೀರೆ ಅರ್ಧ ನೇಯ್ದಿದ್ದಾಗ ದಾಯಾದಿ ನಂಜಪ್ಪನ್, ನಮ್ಮ ಹೊಸ ಪಿಕ್ಕರ್ ಹಸುವಿನದೆಂದು ಪುಕಾರು ಹಬ್ಬಿಸಿದ. ಅವನ ಹೊಟ್ಟೆಕಿಚ್ಚು ನನಗೆ ಗೊತ್ತಿಲ್ಲವೇ! ಎಮ್ಮೆಯದೆಂದು ರುಜುವಾಗದಿದ್ದರೆ ಹಕ್ಕು ಬೇರೆ ಮನೆಗೆ ಎಂದರು ಹಿರಿಯರು. ನನ್ನ ಮಾವ ಗೋವಿಂದಸಾಮಿ ಊಟ ಬಿಟ್ಟು ಮಗ್ಗದ ಮುಂದೆ ಕೂತರು.

ಕೊಯಮತ್ತೂರಿನಲ್ಲಿ ಚರ್ಮ ಪರೀಕ್ಷಿಸುವ ಲ್ಯಾಬ್ ಇದೆಯೆಂದು ಕೇಳಿ ಪಿಕ್ಕರನ್ನು ಬಿಚ್ಚಿ ಒಯ್ದವಳು ನಾನು. ಸುಮ್ಮನೆ ಒಯ್ದೆವೇ? ದೋಷವಿದ್ದರೆ ಕಳೆಯಲೆಂದು ಅತ್ತೆಯೂ ನಾನೂ ಅದಕ್ಕೆ ಅರಿಶಿನ ಹಚ್ಚಿ, ಸೀಗೆಪುಡಿ ಹಾಕಿ, ತೆಂಗಿನ ನಾರಿನಿಂದ ಗಸಗಸ ಉಜ್ಜಿದ್ದೆವು.

ಲ್ಯಾಬಿನ ಲಕ್ಷ್ಮಿಯಮ್ಮಾಳ್ ಕಾಂಗೇಯಂ ಕಡೆಯ ಒಕ್ಕಲು ಮನೆಯವರು. ಮನೆಮಾತು ನಮ್ಮಂತೆ ಕನ್ನಡವೇ. ನನ್ನ ಹೆಸರು ಕೇಳಿಕೊಂಡು ಪಿಕ್ಕರನ್ನು ತಿರುಗಿಸಿ ನೋಡಿದರು.

“ಏನು ಪಾಪಾತಿ, ಸಾಕ್ಷಿಗೇ ಸ್ನಾನ ಮಾಡ್ಸಿ ಕೂಟ್ಕೊಂಡ್ ಬಂದಿದೀಯೇ?” ಎಂದು ನಕ್ಕರು.

ಚರ್ಮದ ಮೇಲಿನ ಕೂದಲು ರಂಧ್ರಗಳನ್ನು ನೋಡಿಯೇ ಪ್ರಾಣಿ ಯಾವುದೆಂದು ಹೇಳುವುದಂತೆ. ನಾವು ಅವನ್ನೇ ಉಜ್ಜಿ ಅಳಿಸಿದ್ದೆವು! ಅಲ್ಲೇ ಅತ್ತುಬಿಟ್ಟೆ.

“ಅಳ್ಬೇಡ, ಇರು,” ಎಂದು ಅವರು ಪಿಕ್ಕರಿನ ಮೊಳೆ ಕಿತ್ತು ಮಡಿಕೆ ಬಿಡಿಸಿದರು. ಮಡಿಕೆಯೊಳಗೆ ಸಿಕ್ಕಿದ್ದ ಮೇಲ್ಮೈಗೆ ನಮ್ಮ ಭಕ್ತಿ ತಾಗಿರಲಿಲ್ಲ. ಅದರ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟು ನನ್ನನ್ನು ಕರೆದರು.

“ಹಸುಗೆ ರಂಧ್ರ ಒತ್ತೊತ್ತಾಗಿರ್ತದೆ. ಇಲ್ಲಿ ಪಾರು, ನೋಡು, ದೊಡ್ಡದು, ದೂರ ದೂರ. ಎಮ್ಮೆ ತಾನ್.”

ನಾನು ಮೊದಲು ಆ ಯಂತ್ರಕ್ಕೇ ಕೈಮುಗಿದೆ. ನಂಜಪ್ಪನ್ ನನ್ನ ಮಾತು ನಂಬುವವನಲ್ಲ ಎಂದು ನಾನು ಹೇಳಿದಾಗ ಆ ತಾಯಿ ರಜೆಯ ದಿನ ಸೂಕ್ಷ್ಮದರ್ಶಕವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು. ಹಿರಿಯರೆಲ್ಲ ಒಂದು ಕಣ್ಣು ಮುಚ್ಚಿ ನೋಡಿದರು. ನಂಜಪ್ಪನ್ ಎಲ್ಲರಿಗಿಂತ ಹೆಚ್ಚು ಹೊತ್ತು ಬಗ್ಗಿ ನೋಡಿ, ಮೇಲುವಸ್ತ್ರ ಕೊಡವಿಕೊಂಡು ಮನೆ ಕಡೆ ನಡೆದ. ಅಂದು ಮಧ್ಯಾಹ್ನವೇ ಮಗ್ಗದ ಸದ್ದು ಕೇಳಿತು.

ಸೀರೆ ಒಪ್ಪಿಸುವ ದಿನ ಲಕ್ಷ್ಮಿಯಮ್ಮಾಳ್ ಗುಂಪಿನ ಹಿಂದೆ ನಿಂತಿದ್ದರು. ನೇಯ್ದವನೇ ಸೀರೆ ಹೊತ್ತು ದೇವಿಯ ಬಳಿ ಹೋಗುವುದು ಪದ್ಧತಿ. ಮಾವ ನೇರವಾಗಿ ಅವರ ಬಳಿ ನಡೆದು ಸೀರೆಯ ತಟ್ಟೆ ಚಾಚಿದರು.

ಲಕ್ಷ್ಮಿಯಮ್ಮಾಳ್ ಹಿಂದೆ ಸರಿದರು. “ಅಯ್ಯೋ ವೇಂಡಾ, ದಿನಾ ಎಲ್ಲಾ ಚರ್ಮಾನೂ ಮುಟ್ಟೋ ಕೈ ಇದು.”

“ಅದೇ ಕೈ ತಾನೇ ತಾಯೀ ಈ ಸೀರೆ ಉಳಿಸಿದ್ದು. ಪಿಡೀರಿ,” ಎಂದರು ಮಾವ.

ಅವರು ಹಿಡಿದರು. ಹಿರಿಯರು ದಾರಿ ಬಿಟ್ಟರು.