ಕೇಳಿಸಲಿಲ್ಲ ಅಂತ ಬರಿ

ಸೋದರಮಾವ ಕಟ್ಟಿದ ಸಂಸ್ಥೆಗೆ ಮೂವತ್ತು ವರ್ಷ ತುಂಬುತ್ತಿತ್ತು. ಅದರ ಚರಿತ್ರೆ ಬರೆಯುವ ಕೆಲಸ ಅಕ್ಕನ ಮಗಳ ಪಾಲಿಗೆ ಬಂತು. ಇತಿಹಾಸದಲ್ಲಿ ಎಂ.ಎ. ಮಾಡಿ ಎರಡು ವರ್ಷ ಮನೆಯಲ್ಲಿ ಕೂತಿದ್ದವಳಿಗೆ ಮಾವನೇ ಫೋನ್ ಮಾಡಿದ್ದ.

"ಸತ್ತ ರಾಜರ ಕತೆ ಓದಿದ್ದು ಸಾಕು ಕಣೇ. ಬದುಕಿರೋ ಮಾವನ ಕತೆ ಬರಿ ಬಾ."

ಸಂಸ್ಥೆ ಇದ್ದದ್ದು ಹಳೆಯ ಕಟ್ಟಡವೊಂದರ ಆರನೆಯ ಮಹಡಿಯಲ್ಲಿ. ಹಣವಂತರ ಹಣವನ್ನು ಷೇರುಪೇಟೆಯಲ್ಲಿ ಹೂಡುವ ಹೆಜ್ ಫಂಡ್ ಅದು. ಹೆಜ್ ಫಂಡ್ ಅಂದರೇನು ಎಂದು ಅವಳು ಮೊದಲ ದಿನವೇ ಕೇಳಿದಳು.

"ಪೇಟೆ ಏರಿದ್ರೂ ದುಡೀಬೇಕು, ಬಿದ್ರೂ ದುಡೀಬೇಕು. ಎರಡು ದೋಣೀಲಿ ಕಾಲಿಡೋದು" ಎಂದ ಮಾವ.

"ಹಾಗೆ ಕಾಲಿಟ್ಟೋರು ಮುಳುಗ್ತಾರೆ ಅಂತಾರಲ್ಲ?"

"ಹಾಗಂದೋನಿಗೆ ಕಾಲು ಗಿಡ್ಡ ಇತ್ತು."

ಸಂಸ್ಥೆಯನ್ನು ಮಾವನ ಜೊತೆ ಶುರು ಮಾಡಿದವರು ಒಬ್ಬ ಗಣಿತದ ಮೇಷ್ಟ್ರು. ಶಾಲೆಯ ಕೆಲಸ ಬಿಟ್ಟು ಬಂದವರು. ಅವರು ಹಾಕಿದ ನಿಯಮ ಒಂದಿತ್ತು. ದೊಡ್ಡ ವ್ಯವಹಾರ ಯಾವುದೇ ಇರಲಿ, ಕೈಹಾಕುವ ಮುಂಚೆ ಎಲ್ಲರೂ ಮೇಜಿನ ಸುತ್ತ ಒಂದು ನಿಮಿಷ ಸುಮ್ಮನೆ ಕೂರಬೇಕು. ಮನಸ್ಸಿಗೆ ಒಗ್ಗದವರು ಬೆರಳ ಗೆಣ್ಣಿನಿಂದ ಮೇಜನ್ನು ಒಮ್ಮೆ ತಟ್ಟಿದರೆ ಸಾಕು, ಆ ವ್ಯವಹಾರವನ್ನು ಅಲ್ಲಿಗೇ ಬಿಡಬೇಕು. ಕಾರಣ ಕೇಳುವಂತಿಲ್ಲ. ಯಾಕೆಂದರೆ ಕಾರಣ ಯಾವಾಗಲೂ ತಡವಾಗಿ ಬರುತ್ತದೆ ಎನ್ನುತ್ತಿದ್ದರಂತೆ ಮೇಷ್ಟ್ರು. ಎಲ್ಲರಿಗಿಂತ ಹೆಚ್ಚು ತಟ್ಟುತ್ತಿದ್ದವರೂ ಅವರೇ. ಕಚೇರಿಯವರು ಬೆನ್ನ ಹಿಂದೆ ಅವರಿಗೆ ಬೇಡಪ್ಪ ಎಂದು ಹೆಸರಿಟ್ಟಿದ್ದರು.

ಪ್ರತಿ ಸಭೆಯೂ ಧ್ವನಿಮುದ್ರಣವಾಗುತ್ತಿತ್ತು. ಮೊದಲು ಕ್ಯಾಸೆಟ್, ಆಮೇಲೆ ಕಂಪ್ಯೂಟರ್. ಕಿಟಕಿಯಿಲ್ಲದ ದಾಖಲೆ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಅವಳು ಒಂದೊಂದನ್ನೇ ಕೇಳತೊಡಗಿದಳು. ಮಾತುಗಳು ಬೇಗ ಬೇಸರ ತಂದವು. ಆದರೆ ಆ ಒಂದೊಂದು ನಿಮಿಷದ ಮೌನ ಅವಳನ್ನು ಹಿಡಿದು ಕೂರಿಸಿತು. ಫ್ಯಾನಿನ ಗರಗರ, ಯಾರೋ ಎಂಜಲು ನುಂಗುವುದು, ಕುರ್ಚಿ ನರಳುವುದು. ಅಂಥ ಮೌನದಲ್ಲಿ ಆಗಾಗ ಟಕ್ ಎಂಬ ಸದ್ದು. ಅದರ ಹಿಂದೆಯೇ ಮಾವನ ನಿಟ್ಟುಸಿರು: "ಸರಿ, ಬಿಡಿ."

ಹನ್ನೊಂದನೆಯ ವರ್ಷದ ಒಂದು ಕ್ಯಾಸೆಟ್ಟಿನಲ್ಲಿ ಹಾಗಾಗಲಿಲ್ಲ. ಟಕ್ ಎಂದಿತು. ನಿಟ್ಟುಸಿರು ಬರಲಿಲ್ಲ. ಮಾವ ನಗುತ್ತ, "ಕೇಳಿಸಲಿಲ್ಲ ಅಂತ ಬರಿ" ಎಂದ. ಉಳಿದವರೂ ನಕ್ಕರು. ನಡವಳಿ ಪುಸ್ತಕ ತೆಗೆದು ನೋಡಿದರೆ ಆ ದಿನದ ಪುಟದಲ್ಲಿ 'ಆಕ್ಷೇಪ ಕೇಳಿಸಲಿಲ್ಲ. ಒಮ್ಮತ' ಎಂದಿತ್ತು. ಆ ವ್ಯವಹಾರದಲ್ಲಿ ಹಾಕಿದ್ದು ಮೂರುಪಟ್ಟಾಗಿತ್ತು. ಸಂಸ್ಥೆಯ ಹೆಸರು ಊರಿಗೆಲ್ಲ ಗೊತ್ತಾಗಿದ್ದೇ ಅವತ್ತಿನಿಂದ.

ಆಮೇಲಿನ ಕ್ಯಾಸೆಟ್ಟುಗಳಲ್ಲಿ 'ಕೇಳಿಸಲಿಲ್ಲ' ಎಂದು ಹೇಳುವವರೂ ಇಲ್ಲ, ನಗುವವರೂ ಇಲ್ಲ. ಸದ್ದಾಗುತ್ತದೆ, ಮಾತು ಮುಂದುವರಿಯುತ್ತದೆ. ಹನ್ನೆರಡನೆಯ ವರ್ಷದ ನಡುವೆ ಎಲ್ಲೋ ಹಾಜರಿ ಪಟ್ಟಿಯಿಂದ ಮೇಷ್ಟ್ರ ಹೆಸರು ಮಾಯವಾಗಿತ್ತು. ಟಕ್ ಮಾತ್ರ ನಿಂತಿರಲಿಲ್ಲ. ಹದಿನೈದರಲ್ಲಿತ್ತು. ಇಪ್ಪತ್ತೆರಡರಲ್ಲಿತ್ತು. ಹೋದ ತಿಂಗಳ ಸಭೆಯಲ್ಲೂ ಇತ್ತು.

ಮೊದಲ ದಿನದಿಂದ ನಡವಳಿ ಬರೆಯುತ್ತಿದ್ದ ಟೈಪಿಸ್ಟ್ ಅಕ್ಕನನ್ನು ಅವಳು ಕೇಳಿದಳು.

"ಅಕ್ಕಾ, ಮೇಷ್ಟ್ರು ಬಿಟ್ಟು ಹೋಗಿದ್ದು ಯಾವಾಗ?"

"ಬಿಟ್ಟು ಹೋದ್ರು ಅಂತ ಯಾರಂದ್ರು?"

"ಮತ್ತೆ? ತೀರಿಕೊಂಡ್ರಾ?"

"ಬಿಡ್ತು ಅನ್ನು. ಸಾವಿನ ಸುದ್ದಿಯೂ ಬರ್ಲಿಲ್ಲ, ರಾಜೀನಾಮೆಯೂ ಬರ್ಲಿಲ್ಲ." ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. "ದಿನಾ ಬರ್ತಿದ್ರು. ಕೂರ್ತಿದ್ರು. ತಟ್ಟೋರು. ಯಾರೂ ಅತ್ತ ತಿರುಗ್ತಿರ್ಲಿಲ್ಲ. ಒಂದಿನ ನಾನೂ ತಿರುಗೋದು ಬಿಟ್ಟೆ. ಆಮೇಲೆ ತಿರುಗಿ ನೋಡಿದಾಗ ಕುರ್ಚಿ ಖಾಲಿ ಇತ್ತು. ಯಾವತ್ತಿಂದ ಖಾಲಿಯೋ, ನಂಗೊತ್ತಿಲ್ಲಮ್ಮ."

"ಟಕ್ ಅನ್ನೋದು ಈಗ್ಲೂ ಕೇಳಿಸುತ್ತಲ್ಲ?"

"ಧ್ವನಿಮುದ್ರಣದಲ್ಲಿ ಕೇಳಿಸುತ್ತೆ" ಎಂದಳು ಅಕ್ಕ. "ಕೋಣೇಲಿ ಕೇಳಿಸಲ್ಲ."

ಅವಳು ಕೂತು ಲೆಕ್ಕದ ಪುಸ್ತಕಗಳ ಜೊತೆ ತಾಳೆ ನೋಡಿದಳು. ಮೂರುಪಟ್ಟಾದ ಆ ಒಂದನ್ನು ಬಿಟ್ಟರೆ ಸದ್ದು ಬಂದರೂ ಕೈಹಾಕಿದ ವ್ಯವಹಾರಗಳು ಒಂಬತ್ತು. ಒಂಬತ್ತೂ ನೀರಲ್ಲಿ ಹೋಮ. ಪ್ರತಿ ಸಲವೂ ಹೊಸ ಗಿರಾಕಿಗಳ ಹಣದಿಂದ ಹಳೆಯ ತೂತು ಮುಚ್ಚಿದ್ದರು. ಇಷ್ಟು ದಿನ ಆ ಗಿರಾಕಿಗಳು ಹಣವಂತರಾಗಿದ್ದರು. ಈಗ ಮಾವ ಸಾಮಾನ್ಯ ಜನರಿಗಾಗಿ ಹೊಸ ನಿಧಿಯೊಂದನ್ನು ತೆರೆಯುವವನಿದ್ದ. ಮರುದಿನ ಬೆಳಿಗ್ಗೆ ಅದರ ಸಭೆ. ಅದಕ್ಕೆ ಮೊದಲ ಅರ್ಜಿ ಅವಳ ಅಮ್ಮನದು. ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ದಾದಿಯಾಗಿದ್ದು ನಿವೃತ್ತಿಯಾದಾಗ ಬಂದ ಹಣ, ಅಷ್ಟೂ.

ಅವತ್ತು ಸಂಜೆ ಅಮ್ಮನಿಗೆ ಹೇಳಿ ನೋಡಿದಳು. "ಯಾರೋ ಮೇಜು ತಟ್ಟಿದ್ರು ಅಂತ ನನ್ನ ತಮ್ಮನ ಮೇಲೆ ಅನುಮಾನವಾ? ಕತ್ತಲೆ ಕೋಣೇಲಿ ಕೂತು ಕೂತು ನಿನ್ನ ತಲೆ ಕೆಟ್ಟಿದೆ" ಎಂದಳು ಅಮ್ಮ. "ನಾಳೆ ಸಭೇಲಿ ನೀನೂ ಇರ್ತೀಯಲ್ಲ? ಏನಾದ್ರೂ ತಪ್ಪಿದ್ರೆ ಅಲ್ಲೇ ಹೇಳು. ಅಲ್ಲೀವರೆಗೂ ಸಹಿ ಹಾಕಲ್ಲ, ಸರೀನಾ?"

ಬೆಳಿಗ್ಗೆ ಸಭೆಯಲ್ಲಿ ಐವರಿದ್ದರು. ಉಳಿದದ್ದೊಂದೇ, ಆ ಖಾಲಿ ಕುರ್ಚಿ. ಅವಳು ಅದರಲ್ಲೇ ಕೂರಬೇಕಾಯಿತು. ಗಾಜಿನ ಕಿಟಕಿಯಿಂದ ಬಿಸಿಲು ಮೇಜಿನುದ್ದಕ್ಕೂ ಚೆಲ್ಲಿತ್ತು. ಮಾವ ನಿಧಿಯ ವಿವರ ಓದಿ ಮುಗಿಸಿ, "ಒಂದು ನಿಮಿಷ" ಎಂದ.

ಮೌನ. ಧ್ವನಿಮುದ್ರಣದಲ್ಲಿ ನೂರಾರು ಸಲ ಕೇಳಿದ್ದ ಅದೇ ಮೌನ. ಅವಳು ಕಾದಳು. ಬೇರೆ ಯಾರಾದರೂ ತಟ್ಟಲಿ ಎಂದು ಕಾದಳು. ಕೊನೆಗೆ ಬೆರಳು ಮಡಚಿ ತಾನೇ ತಟ್ಟಿದಳು.

ಒಬ್ಬರೂ ಕಣ್ಣೆತ್ತಲಿಲ್ಲ.

ಮತ್ತೆ ತಟ್ಟಿದಳು, ಗೆಣ್ಣು ನೋಯುವಷ್ಟು ಜೋರಾಗಿ. ಎದುರಿಗಿದ್ದವರ ಲೋಟದ ನೀರು ನಡುಗಿತು. ಅವರು ಆ ಲೋಟವನ್ನೇ ಎತ್ತಿ ಒಂದು ಗುಟುಕು ಕುಡಿದರು. "ಮಾವ, ಬೇಡ" ಎಂದಳು. ಬಾಯಿಬಿಟ್ಟು ಹೇಳಿದಳು, ಎದ್ದು ನಿಂತು ಹೇಳಿದಳು. ಮಾವ ಗಡಿಯಾರ ನೋಡಿಕೊಂಡು, "ಒಮ್ಮತ" ಎಂದ. ಟೈಪಿಸ್ಟ್ ಅಕ್ಕನೊಬ್ಬಳೇ ಬರೆಯುವ ಕೈ ನಿಲ್ಲಿಸಿ, ಏನೋ ಮರೆತವಳಂತೆ ಅವಳ ಕುರ್ಚಿಯತ್ತ ತಿರುಗಿದಳು. ಅಕ್ಕನ ನೋಟ ಕುರ್ಚಿಯ ಬೆನ್ನಿನ ಮೇಲೆ ಅಲೆದಾಡಿ ಹೊರಟುಹೋಯಿತು.

ಅವಳು ಆರು ಮಹಡಿ ಮೆಟ್ಟಿಲಿಳಿದು ಓಡಿದಳು. ಮನೆಯ ಬಾಗಿಲು ತೆರೆದೇ ಇತ್ತು. ಅಮ್ಮ ಕಿವಿಗೆ ಫೋನ್ ಹಿಡಿದು, ಅರ್ಜಿಯನ್ನು ಮುಂದೆ ಇಟ್ಟುಕೊಂಡು ಕೂತಿದ್ದಳು.

"ಹೌದಾ? ನನ್ನ ಮಗಳೂ ಏನೂ ಅನ್ಲಿಲ್ವಾ? ಸರಿ ಕಣೋ. ಹಾಗಾದ್ರೆ ಈಗಲೇ ಹಾಕ್ತೀನಿ."

"ಅಮ್ಮಾ, ಬೇಡ!"

ಅಮ್ಮ ಪೆನ್ನಿನ ಮುಚ್ಚಳ ತೆಗೆದಳು.

"ಅಮ್ಮಾ!"

ಪೆನ್ನು ಕಾಗದ ಮುಟ್ಟಿತು. ಅವಳು ಮತ್ತೆ ಕೂಗಲಿಲ್ಲ. ಮುಂದೆ ಬಾಗಿ ಆ ಕಾಗದವನ್ನು ಅಮ್ಮನ ಕೈಕೆಳಗಿಂದ ಎಳೆದು ಎರಡಾಗಿ ಹರಿದಳು. ಎರಡನ್ನು ನಾಲ್ಕಾಗಿ ಹರಿದಳು. ನಾಲ್ಕನ್ನೂ ಅಡುಗೆಮನೆಗೆ ಒಯ್ದು, ಉರಿಯುತ್ತಿದ್ದ ಒಲೆಗೆ ಹಿಡಿದಳು.

ಅಮ್ಮ ಬೆಚ್ಚಿ ಎದ್ದು ಬಾಗಿಲಲ್ಲಿ ನಿಂತಳು. ಉರಿಯುವ ಕಾಗದದ ಚೂರನ್ನು ನೋಡಿದಳು. ಅದನ್ನು ಹಿಡಿದಿದ್ದ ಕೈ ನಿಧಾನವಾಗಿ ಕಂಡಿತು, ಆಮೇಲೆ ತೋಳು, ಆಮೇಲೆ ಮುಖ.

"ನೀನಾ? ಯಾವಾಗ ಬಂದೆ?" ಎಂದಳು ಅಮ್ಮ. "ಬೇಡ ಅನ್ನೋಕೆ ಬಾಯಿ ಇರ್ಲಿಲ್ವೇನೇ ನಿಂಗೆ?"

ಅವಳು ಉತ್ತರ ಹೇಳಿದಳು. ಅಮ್ಮ ಕಣ್ಣು ಕಿರಿದು ಮಾಡಿ, ಮಗಳ ತುಟಿಗಳನ್ನೇ ನೋಡುತ್ತ ನಿಂತಳು.