ಗುಡ್ಡಕ್ಕೆ ಹೊರಟ ಕಾವೇರಿ

ಡಿಸೆಂಬರ್‌ನಲ್ಲಿ ಒಂದು ಶನಿವಾರ ಎಂಟನೆಯ ತರಗತಿಯ ಹುಡುಗಿಯರೆಲ್ಲ ಗುಡ್ಡಕ್ಕೆ ನಡೆದು ಹೋಗಿ, ಸಂಜೆಯೊಳಗೆ ತಿರುಗಿ ಬರುವುದೆಂದು ಶಿಕ್ಷಕಿ ಭಾಗ್ಯಜ್ಯೋತಿ ಅಕ್ಕೋರು ಹೇಳಿದಾಗ ಕಾವೇರಿಯೂ ಕೈ ಎತ್ತಿದಳು. ಅಕ್ಕೋರು ಅವಳ ಎಡಗಾಲನ್ನು ನೋಡಿದರು. ಎರಡು ವರ್ಷದವಳಿದ್ದಾಗ ಬಂದ ಪೋಲಿಯೊ ಆ ಕಾಲನ್ನು ಬಡಕಲು ಮಾಡಿಟ್ಟಿತ್ತು.

‘ಹೋಗಿ ಬರಾಕ ಹನ್ನೆರಡು ಕಿಲೋಮೀಟರ ಆಗ್ತೈತಿ. ನಿನಗ ತ್ರಾಸ ಆಗ್ತೈತವ್ವ’ ಎಂದರು. ದನಿಯಲ್ಲಿ ಬಿರುಸೇನೂ ಇರಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ಅಳು ಬಂತು.

ಆ ದಿನ ಮನೆಯಲ್ಲಿ ಅವಳು ಊಟಕ್ಕೆ ಏಳಲಿಲ್ಲ. ಕುರಿಗಳನ್ನು ದಡ್ಡಿಗೆ ಸೇರಿಸಿ ಬಂದ ಅಪ್ಪ ಸೋಮನಿಂಗ, ಏನಾಯಿತೆಂದು ಹೆಂಡತಿ ರೇವವ್ವನಿಂದ ಕೇಳಿ ತಿಳಿದ. ಮರುದಿನ ಮುಂಜಾನೆ ತಲೆಗೆ ರುಮಾಲು ಸುತ್ತಿ, ಮಗಳ ಹಿಂದೆಯೇ ಶಾಲೆಗೆ ಬಂದ.

‘ಅಕ್ಕೋರ, ನಾ ಹುಟ್ಟಿದಾಗಿಂದ ಕುರಿ ಹಿಂದ ನಡ್ಯಾವ. ಹದಿನೈದ ದಿನ ಕೊಡ್ರಿ, ಇಕಿನ್ನ ತಯಾರ ಮಾಡ್ತೇನಿ. ಆಗೂದಿಲ್ಲ ಅನಿಸಿದ್ರ ನಾನಾ ಬಂದು ಬ್ಯಾಡ ಅಂತೇನ್ರಿ.’

ಅಕ್ಕೋರು ತುಸು ಯೋಚಿಸಿ ಹ್ಞೂಂ ಎಂದರು.

ಅಂದಿನಿಂದ ದಿನಾ ಸಂಜೆ ಅಪ್ಪ ಮಗಳು ನಡೆದರು. ಮೊದಲು ಹಳ್ಳದವರೆಗೆ, ಆಮೇಲೆ ಬಿಳಿಜೋಳದ ಹೊಲಗಳನ್ನು ದಾಟಿ ಗುಡ್ಡದ ಅರ್ಧ ದಾರಿಗೆ. ‘ಮಾತಾಡಕೋಂತ ನಡ್ಯಾಕ ಬರಬೇಕು, ಅಷ್ಟು ಸಾವಕಾಶ ನಡಿ. ನೀರಡಿಕಿ ಆಗೂದರೊಳಗ ಒಂದ ಗುಟುಕ ಕುಡಿ’ ಎನ್ನುತ್ತಿದ್ದ. ದೊಡ್ಡ ದೊಡ್ಡ ಹೆಜ್ಜೆ ಹಾಕುವ ಅಪ್ಪ, ತನ್ನ ಪಕ್ಕದಲ್ಲಿ ಸಣ್ಣ ಹೆಜ್ಜೆ ಇಡುತ್ತಿದ್ದುದನ್ನು ಕಾವೇರಿ ಗಮನಿಸಿದಳು. ಅವಳ ಕಾಲಿನ ಕಡೆ ಅವನು ಒಮ್ಮೆಯೂ ನೋಡಲಿಲ್ಲ. ಆದರೂ ಮೂರನೆಯ ದಿನ, ನೀರಿನ ಬಾಟಲಿಗೆಂದು ಅವಳು ಹಾಕಿಕೊಂಡಿದ್ದ ಶಾಲೆಯ ಚೀಲ ತೋರಿಸಿ, ‘ಆ ಚೀಲ ಒಂದಾ ಹೆಗಲಿಗೆ ಜಗ್ಗತೈತಿ, ಅದಕ್ಕ ಹೆಚ್ಚಿಗಿ ಕುಂಟಾಕತ್ತಿ’ ಎಂದ. ರೇವವ್ವ ಗೊಬ್ಬರದ ಖಾಲಿ ಚೀಲ ತೊಳೆದು ಹೊಸದೊಂದನ್ನು ಹೊಲಿದಳು. ಎರಡೂ ಹೆಗಲಿಗೆ ಬರುವಂತೆ ಅವನು ಉಣ್ಣೆಯ ಮೆತ್ತನೆಯ ಪಟ್ಟಿ ಹೆಣೆದು ಕಟ್ಟಿದ.

ಹೋಗುವ ಹಿಂದಿನ ದಿನ ಕಂಬಳಿಯ ಮೇಲೆ ಸಾಮಾನು ಹರವಿದರು. ಒಣಗಿಸಿದ ಕಟಕ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ, ಒಂದು ಹೆಂಟೆ ಬೆಲ್ಲ, ಒದ್ದೆ ಬಟ್ಟೆ ಸುತ್ತಿದ ಎರಡು ನೀರಿನ ಬಾಟಲಿ. ಹಳೆಯ ಧೋತರದ ತುಂಡೊಂದನ್ನೂ ಕೊಬ್ಬರಿ ಎಣ್ಣೆಯ ಸಣ್ಣ ಶೀಶೆಯನ್ನೂ ಅಪ್ಪ ಒಳಗಿಟ್ಟ. ಅವ್ವ ಉಂಡಿಯ ಡಬ್ಬಿ ತುರುಕಿದಳು. ಅವನು ತೆಗೆದ. ಅವಳು ಮತ್ತೆ ಇಟ್ಟಳು.

‘ಎರಡ ಉಂಡಿ ಸಾಕಲೇ, ಕೂಸು ಹೊರಬೇಕು!’

‘ಗೆಳತ್ಯಾರು ಇಕಿ ಬಾಯಿ ನೋಡಕೋಂತ ಕುಂದರಬೇಕೇನು?’

ಕೊನೆಗೆ ನಾಲ್ಕಕ್ಕೆ ಒಪ್ಪಂದವಾಯಿತು. ಕಾವೇರಿ ನಕ್ಕಳು. ಅಪ್ಪ ಚೀಲದ ಬಾಯಿ ಕಟ್ಟುತ್ತ, ‘ಕಾಲು ನಡುಗಾಕ ಹತ್ತಿದ್ರ ಅಲ್ಲೇ ಕುಂದರು. ತಿರುಗಿ ಬರಾಕೂ ಕಾಲು ಬೇಕಲ್ಲ’ ಎಂದ.

‘ನೀನೂ ಹಿಂದ ಬರ್ತೀಯೇನಪ್ಪ?’

‘ಇಲ್ಲ. ನಿನ್ನ ಗೆಳತ್ಯಾರ ಇರ್ತಾರ.’

ಶನಿವಾರ ನಸುಕಿನ ಚಳಿಯಲ್ಲಿ ಹೊರಟಾಗ ಎಲ್ಲರೂ ಓಡುತ್ತಲೇ ಹೋದರು. ದಾನೇಶ್ವರಿಯಂತೂ ಅಂಗಡಿಯಿಂದ ಆಗಷ್ಟೇ ತಂದ ಹೊಸ ಚಪ್ಪಲಿ ಹಾಕಿಕೊಂಡು ಮುಂದೆ ಮುಂದೆ. ಕಾವೇರಿ ಹಿಂದುಳಿದಳು, ಆದರೆ ನಿಲ್ಲಲಿಲ್ಲ. ಬಿಸಿಲೇರುವ ಹೊತ್ತಿಗೆ ಓಡಿದವರೆಲ್ಲ ಜಾಲಿಯ ನೆರಳಿಗೆ ಕುಕ್ಕರಿಸಿ ಏದುಸಿರು ಬಿಡುತ್ತಿದ್ದರು. ಅವಳು ಸಾವಕಾಶವಾಗಿ ಬಂದು ಅವರನ್ನು ಕೂಡಿಕೊಂಡಳು.

ಗುಡ್ಡದ ಮುಕ್ಕಾಲು ಏರಿದ ಮೇಲೆ ಎಡತೊಡೆ ನಡುಗತೊಡಗಿತು. ತುದಿ ಕಣ್ಣೆದುರಿಗೇ ಇತ್ತು. ಇಷ್ಟು ದೂರ ಬಂದು ಕುಳಿತರೆ ಎಲ್ಲರೂ ಏನೆಂದಾರು? ಹಲ್ಲು ಕಚ್ಚಿ ಇನ್ನೂ ಹತ್ತು ಹೆಜ್ಜೆ ಹಾಕಿದಳು. ಮೊಣಕಾಲು ಮಡಚಿಕೊಂಡಿತು. ಬಂಡೆ ಹಿಡಿದು ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡೇ ಹೇಳಿದಳು:

‘ಅಕ್ಕೋರ, ನಾ ಇಲ್ಲೇ ಕುಂದರ್ತೇನ್ರಿ. ಇನ್ನ ಏರಿದ್ರ ತಿರುಗಿ ಹೋಗಾಕ ಆಗಂಗಿಲ್ಲ.’

ಅಕ್ಕೋರು ಉತ್ತರ ಕೊಡುವ ಮೊದಲೇ ದಾನೇಶ್ವರಿ ಮೆಲ್ಲಗೆ, ‘ನಾನೂ ಇಕಿ ಕೂಡ ಇರ್ತೇನ್ರಿ’ ಎಂದಳು. ಚಪ್ಪಲಿ ಬಿಚ್ಚಿದರೆ ಹಿಮ್ಮಡಿಯಲ್ಲಿ ದೊಡ್ಡ ಗುಳ್ಳೆ ಒಡೆದು ರಕ್ತ ಬಂದಿತ್ತು. ಅಷ್ಟು ಹೊತ್ತೂ ಯಾರಿಗೂ ಹೇಳದೆ ನಡೆದಿದ್ದಳು. ‘ನೀ ಹೇಳಿದ್ದಕ್ಕ ನಾನೂ ಹೇಳಿದ್ನಿ’ ಎಂದು ಪಿಸುಗುಟ್ಟಿದಳು.

ಅಕ್ಕೋರು ದೊಡ್ಡ ಹುಡುಗಿಯೊಬ್ಬಳ ಜೊತೆ ಉಳಿದವರನ್ನು ಮೇಲೆ ಕಳಿಸಿ, ತಾವೂ ಆ ಇಬ್ಬರ ಬಳಿ ಕುಳಿತರು. ಕಾವೇರಿ ಗಾಯ ತೊಳೆದು, ಎಣ್ಣೆ ಹಚ್ಚಿ, ಧೋತರದ ತುಂಡು ಸುತ್ತಿದಳು. ಮೂವರೂ ಬೇವಿನ ನೆರಳಲ್ಲಿ ರೊಟ್ಟಿ ಮುರಿದು ತಿಂದರು.

ಇಳಿಹೊತ್ತಿಗೆ ಎಲ್ಲರೂ ಊರು ಮುಟ್ಟಿದಾಗ ಸೋಮನಿಂಗ ಊರ ಹೊರಗೇ ನಿಂತಿದ್ದ. ‘ಕುರಿಗಿ ಇಲ್ಲಿ ಮೇವ ಚೊಲೊ ಐತಿ’ ಎಂದ, ಯಾರೂ ಕೇಳದಿದ್ದರೂ. ಅಲ್ಲಿ ಒಂದು ಗರಿಕೆಯೂ ಇರಲಿಲ್ಲ.

ಕಾವೇರಿ ತಲೆ ತಗ್ಗಿಸಿದಳು. ‘ತುದಿ ಮುಟ್ಟಲಿಲ್ಲಪ್ಪ. ಬೇವಿನ ಗಿಡದ ಕೆಳಗ ಕುಂತ್ನಿ.’

‘ಅಲ್ಲಿ ಕುಂತು ಏನ ನೋಡಿದಿ?’

ಅವಳು ಹೇಳತೊಡಗಿದಳು. ಜೋಳದ ಹೊಲಗಳಾಚೆ ಕೃಷ್ಣೆಯ ಹಿನ್ನೀರು ಬೆಳ್ಳಗೆ ಹೊಳೆಯುತ್ತಿತ್ತು, ನಡುವೆ ಒಂದು ದೋಣಿ ಕರಿ ಚುಕ್ಕೆಯ ಹಾಗೆ ಹೋಗುತ್ತಿತ್ತು, ದಾನೇಶ್ವರಿ ಅದನ್ನು ಎಮ್ಮೆ ಎಂದು ಹಟ ಹಿಡಿದಳು. ಮನೆಯ ತನಕ ಅವಳ ಮಾತು ಮುಗಿಯಲಿಲ್ಲ.

‘ಮೂವತ್ತ ವರ್ಷ ಆ ಗುಡ್ಡ ತುಳದೇನಿ’ ಎಂದ ಅಪ್ಪ ಕೊನೆಗೆ. ‘ಕುರಿ ನೋಡೂದರಾಗಾ ಹೋತು. ಅಲ್ಲಿಂದ ಹೊಳಿ ಕಾಣತೈತಿ ಅನ್ನೂದು ನನಗ ಗೊತ್ತ ಇರಲಿಲ್ಲ ನೋಡವ್ವ.’